ಏಳಾದ ಮೇಲೆ ಒಂಬತ್ತು

ಈ ವರ್ಷ ನಾನು ಆರು ಪುಸ್ತಕಗಳನ್ನು ಪೂರ್ತಿ ಓದಿದೆ. ಏಳನೆಯದನ್ನು ಇನ್ನೂರ ಐವತ್ತಾರನೇ ಪುಟದವರೆಗೆ ಓದಿ ನಿಲ್ಲಿಸಿದೆ. ಅದು ಈಗ ನನ್ನ ಬಳಿ ಇಲ್ಲ. ನಮ್ಮ ಬೀದಿಯ ವಾಚನಾಲಯದ ಮೇಡಂ ವರ್ಷದ ಕೊನೆಗೆ ಓದುಗರ ಕೈಯಲ್ಲೇ ಬರೆಸಿ ಒಂದು ಸಂಚಿಕೆ ತರುತ್ತಾರೆ. "ಈ ವರ್ಷ ಏನು ಓದಿದ್ರಿ, ಓದಿ ಏನಾಯ್ತು, ಅಷ್ಟೇ ಬರೀರಿ ಅಜ್ಜಿ" ಅಂದರು. ಏನು ಓದಿದೆ ಎಂದು ಬರೆಯಲು ಒಂದು ದಿನ ಸಾಕಾಯಿತು. ಓದಿ ಏನಾಯಿತು ಎಂದು ಬರೆಯಲು ಹದಿನೇಳು ದಿನ ಹಿಡಿಯಿತು. ಕಾಗುಣಿತವನ್ನು ಮೇಡಂ ತಿದ್ದಿದ್ದಾರೆ. ಮಾತು ನನ್ನದು.

ನಾನು ಎರಡನೇ ಕ್ಲಾಸಿನವರೆಗೆ ಶಾಲೆಗೆ ಹೋದವಳು. ಅಂಕಿ ಚೆನ್ನಾಗಿ ಬರುತ್ತಿತ್ತು. ಅಕ್ಷರ ಬರುತ್ತಿತ್ತು, ಆದರೆ ಒಂದು ಸಾಲು ದಾಟುವಷ್ಟರಲ್ಲಿ ಒಲೆಯ ಮೇಲಿನ ಹಾಲು ಉಕ್ಕಿರುತ್ತಿತ್ತು. ಹಾಗಿದ್ದೂ ನಲವತ್ತೊಂದು ವರ್ಷ ಪುಸ್ತಕಗಳ ನಡುವೆಯೇ ಬದುಕಿದೆ. ನಮ್ಮವರು ಪುಸ್ತಕ ಕಟ್ಟುವವರು. ಮುಂದಿನ ಕೋಣೆ ಅಂಗಡಿ, ಹಿಂದಿನ ಎರಡು ಕೋಣೆ ಮನೆ. ಅಚ್ಚುಮನೆಯಿಂದ ದೊಡ್ಡ ಹಾಳೆಗಳು ಬರುತ್ತಿದ್ದವು. ಒಂದು ಹಾಳೆಯನ್ನು ಮಡಿಸಿದರೆ ಹದಿನಾರು ಪುಟ. ಅದನ್ನು ನಾವು ಫಾರಂ ಅನ್ನುತ್ತೇವೆ. ಫಾರಂಗಳನ್ನು ಒಂದರ ಮೇಲೊಂದು ಜೋಡಿಸಿ, ಬೆನ್ನಿನ ಕಡೆ ದಾರದಿಂದ ಹೊಲಿದು, ಅಂಟು ಸವರಿ, ರಟ್ಟು ಹಾಕಿದರೆ ಪುಸ್ತಕ. ಹೊಲಿಗೆ ನನ್ನದು. ಅದಕ್ಕೇ ಬೀದಿಯಲ್ಲಿ ನನ್ನನ್ನು ದಬ್ಬಳ ಅನ್ನುತ್ತಿದ್ದರು. ಪುಸ್ತಕ ಕಟ್ಟುವವರು ಪುಸ್ತಕ ಓದುವುದಿಲ್ಲ. "ಸಕ್ಕರೆ ಗಾಡಿ ಎಳೆಯೋ ಎತ್ತಿಗೆ ಸಕ್ಕರೆ ರುಚಿ ಯಾಕೆ?" ಎಂದು ನಮ್ಮವರೇ ನಗುತ್ತಿದ್ದರು.

ಅವರು ತೀರಿಕೊಂಡು ಮೂರು ವರ್ಷವಾಯಿತು. ಅಂಗಡಿಯಲ್ಲಿ ಈಗ ಮಗ ಜೆರಾಕ್ಸ್ ಮಷಿನ್ ಇಟ್ಟಿದ್ದಾನೆ. ಹೊಲಿಗೆಯ ಕೆಲಸ ನಿಂತುಹೋಗಿದೆ. ಕಳೆದ ವರ್ಷದ ಕೊನೆಯಲ್ಲಿ ಅವನು ಮೂಲೆಯ ಬೀರು ತೆಗೆಸಬೇಕು, ಅಲ್ಲಿ ಇನ್ನೊಂದು ಮಷಿನ್ ಇಡಬೇಕು ಅಂದ. ಆ ಬೀರುವಿನಲ್ಲಿ ಅವನ ಅಪ್ಪ ಕಟ್ಟಿದ ಪುಸ್ತಕಗಳ ಮಾದರಿ ಪ್ರತಿಗಳಿದ್ದವು. ಯಾವ ಕೆಲಸ ಬಂದರೂ ಮೊದಲು ಒಂದು ಪ್ರತಿ ಕಟ್ಟಿ, ಅದನ್ನು ಮುಂದಿಟ್ಟುಕೊಂಡು ಮಿಕ್ಕವನ್ನು ಕಟ್ಟುವುದು ನಮ್ಮ ಪದ್ಧತಿ. ಕೆಲಸ ಮುಗಿದ ಮೇಲೆ ಆ ಮಾದರಿ ಬೀರು ಸೇರುತ್ತಿತ್ತು. ಎಣಿಸಿದೆ, ತೊಂಬತ್ತಮೂರು ಇದ್ದವು.

"ರದ್ದಿಗೆ ಹಾಕೋಣಮ್ಮ" ಅಂದ ಮಗ.

"ನಾನು ಓದಿದ ಮೇಲೆ ಹಾಕು" ಅಂದೆ. ಯಾಕೆ ಹಾಗೆ ಅಂದೆನೋ ಗೊತ್ತಿಲ್ಲ. ಬಾಯಿಗೆ ಬಂತು.

"ನೀನು ಇದನ್ನೆಲ್ಲ ಓದಿ ಮುಗಿಸೋ ಹೊತ್ತಿಗೆ ನನಗೇ ಮೊಮ್ಮಕ್ಕಳಾಗಿರ್ತಾರೆ" ಎಂದು ನಕ್ಕ.

ಸೊಸೆ ಮಾತ್ರ, "ಓದ್ಲಿ ಬಿಡಿ, ಟಿವಿ ಹಾವಳಿಯಾದ್ರೂ ತಪ್ಪುತ್ತೆ" ಅಂದಳು. ಕೊನೆಗೆ ಒಂದು ಒಪ್ಪಂದಕ್ಕೆ ಬಂದೆವು. ನಾನು ಓದಿ ಮುಗಿಸಿದ ಪುಸ್ತಕ ರದ್ದಿಗೆ. ಓದಿ ಮುಗಿಸದ ಪುಸ್ತಕವನ್ನು ಯಾರೂ ಮುಟ್ಟುವಂತಿಲ್ಲ.

ಬೆಳಗಿನ ಪಾತ್ರೆ ತೊಳೆದ ಮೇಲೆ ಕಿಟಕಿಯ ಹತ್ತಿರ ನನ್ನ ಹಳೆಯ ಹೊಲಿಗೆಯ ಮಣೆಯ ಮೇಲೆ ಕೂರುತ್ತಿದ್ದೆ. ಓದುವ ಸಾಲಿನ ಕೆಳಗೆ ಒಂದು ರಟ್ಟಿನ ಪಟ್ಟಿ ಇಟ್ಟುಕೊಂಡು, ಸಾಲು ಮುಗಿದಂತೆ ಕೆಳಗೆ ಜರುಗಿಸುತ್ತಿದ್ದೆ. ಮೊದಲು ದಿನಕ್ಕೆ ಎರಡು ಪುಟ, ಬೇಸಿಗೆಯ ಹೊತ್ತಿಗೆ ಐದು, ಈಚೆಗೆ ಹತ್ತು. ತಿಳಿಯದ ಮಾತುಗಳನ್ನು ಒಂದು ನೋಟುಪುಸ್ತಕದಲ್ಲಿ ಬರೆದುಕೊಂಡು ಶನಿವಾರ ವಾಚನಾಲಯದ ಮೇಡಂ ಹತ್ತಿರ ಕೇಳುತ್ತಿದ್ದೆ. ಮೊದಲನೆಯದು ಜೇನು ಸಾಕಣೆಯ ಪುಸ್ತಕ. ಜೇನು ಸಾಕಿದವರ ಕಷ್ಟ ಓದಿ, ನನಗೆ ಜೇನುಹುಳದ ಮೇಲೆ ಇದ್ದ ಗೌರವ ಅವರ ಮೇಲೆ ತಿರುಗಿತು. ಎರಡನೆಯದು ಒಬ್ಬರು ಹಡಗಿನಲ್ಲಿ ಅಡುಗೆ ಮಾಡಿಕೊಂಡು ದೇಶ ಸುತ್ತಿದ ಕಥೆ. ಆ ಮನುಷ್ಯ ಎಲ್ಲಿ ಹೋದರೂ ಚಳಿ ಅನ್ನುತ್ತಾನೆ. ಮೂರನೆಯದು ಪದ್ಯ. ಅರ್ಥವಾಗಲಿಲ್ಲ, ಆದರೂ ಓದಿದೆ. ನಾಲ್ಕನೆಯದು ಕಣ್ಣಿನ ಆರೈಕೆ, ಐದನೆಯದು ಒಂದು ನಾಟಕ, ಆರನೆಯದು ಹತ್ತು ಕಥೆಗಳು. ಅದರಲ್ಲಿ ಒಂದು ಕಥೆ ಓದಿ ಅತ್ತುಬಿಟ್ಟೆ.

ಇವುಗಳಲ್ಲಿ ನನಗೆ ಎಲ್ಲಕ್ಕಿಂತ ಹಿತವಾಗಿದ್ದು ಕಥೆಯಲ್ಲ, ಚೀಟಿ. ನಮ್ಮವರು ಮಾತು ಕಡಿಮೆ, ಕಟ್ಟುನಿಟ್ಟು ಹೆಚ್ಚು. ಯಾವ ಪುಸ್ತಕದ ಕೆಲಸದಲ್ಲಿ ಏನು ತಪ್ಪಾಯಿತೋ ಅದನ್ನು ಒಂದು ಚೀಟಿಯಲ್ಲಿ ಪೆನ್ಸಿಲಿನಲ್ಲಿ ಬರೆದು ಮಾದರಿಯೊಳಗೆ ಇಡುತ್ತಿದ್ದರು. ಮುಂದಿನ ಸಲ ಎಚ್ಚರವಿರಲಿ ಎಂದು. ಇದು ನನಗೆ ಗೊತ್ತಿರಲಿಲ್ಲ. ಜೇನಿನ ಪುಸ್ತಕದಲ್ಲಿ, "ಅಂಟು ಹೆಚ್ಚು. ಬೆನ್ನು ಬಿರುಸು" ಎಂದಿತ್ತು. ಹಡಗಿನ ಪುಸ್ತಕದಲ್ಲಿ, "ಕತ್ತರಿಸಿದ್ದು ಓರೆ. ನನ್ನ ತಪ್ಪು" ಎಂದಿತ್ತು. ನನ್ನ ತಪ್ಪು ಎಂಬ ಆ ಎರಡು ಮಾತನ್ನು ಎಷ್ಟು ಸಲ ಓದಿದೆನೋ. ಮೂವತ್ತೆಂಟು ವರ್ಷ ಜೊತೆಗಿದ್ದರೂ ಅವರ ಬಾಯಿಂದ ಆ ಮಾತು ಕೇಳಿದವಳಲ್ಲ. ಹೊಸ ಪುಸ್ತಕ ಹಿಡಿದಾಗಲೆಲ್ಲ, ಇದರಲ್ಲಿ ಏನು ಹೇಳಿರಬಹುದು ಎಂದು ಮನಸ್ಸು ಓಡುತ್ತಿತ್ತು. ಆದರೆ ಮುಂದೆ ಹಾರಿ ನೋಡುತ್ತಿರಲಿಲ್ಲ. ಪುಟ ಬಂದಾಗ ಬರಲಿ ಎಂದು ಕಾಯುತ್ತಿದ್ದೆ. ಇಂಥ ವಯಸ್ಸಿನಲ್ಲಿ ಗಂಡನ ಕಾಗದಕ್ಕೆ ಕಾದ ಹಾಗೆ.

ಏಳನೆಯ ಪುಸ್ತಕ ಒಬ್ಬ ನಿವೃತ್ತ ನರ್ಸಮ್ಮ ಬರೆದದ್ದು. ಅವರ ವಾರ್ಡಿಗೆ ಬಂದ ಒಬ್ಬ ಮರಗೆಲಸದವನು, ಅವನ ಹೆಂಡತಿ, ಅವರ ಜಗಳ, ಅವನ ಕಾಯಿಲೆ. ನೂರ ಹನ್ನೆರಡನೇ ಪುಟದ ಕೊನೆಯಲ್ಲಿ ಅವನಿಗೆ ಜ್ವರ ಏರುತ್ತದೆ. ಎದುರಿನ ಪುಟ ನೋಡಿದರೆ ಅವನನ್ನು ಮಣ್ಣು ಮಾಡಿ ಜನ ವಾಪಸು ಬರುತ್ತಿದ್ದಾರೆ. ಹೆಂಡತಿ ಅವನ ಉಳಿಗಳನ್ನು ಒಂದೊಂದಾಗಿ ಒರೆಸಿ ಪೆಟ್ಟಿಗೆಗೆ ಹಾಕುತ್ತಿದ್ದಾಳೆ. ಹದಿನಾರು ಪುಟ ಆದ ಮೇಲೆ ಅವನು ಮಂಚದ ಮೇಲೆ ಎದ್ದು ಕೂತು ನೀರು ಕೇಳುತ್ತಾನೆ. ನನಗೆ ಮೈ ಜುಮ್ಮೆಂದಿತು. ಓದಿದವರ ಬರವಣಿಗೆ ಹೀಗೇ ಇರುತ್ತದೇನೋ, ಸತ್ತವನನ್ನು ಮೊದಲು ತೋರಿಸಿ ಆಮೇಲೆ ಬದುಕಿಸುತ್ತಾರೇನೋ ಎಂದುಕೊಂಡೆ. ಎಂಥಾ ಜಾಣತನ ಎಂದು ಸೊಸೆಗೂ ಹೇಳಿದೆ. ಮೂರು ದಿನ ಹಾಗೇ ಓದಿದೆ. ನಾಲ್ಕನೇ ದಿನ ಅವನು ಸತ್ತ. ಆ ಪುಟದ ಪಕ್ಕದಲ್ಲಿ ಚೀಟಿ ಇತ್ತು.

"ಏಳಾದ ಮೇಲೆ ಒಂಬತ್ತು. ಮಾದರಿಯಲ್ಲೇ ತಪ್ಪು. ಹೊಲಿದವಳು ಮನೆಯವಳು."

ಪುಟದ ಅಂಕಿ ನೋಡಿದೆ. ನೂರ ಹನ್ನೆರಡರ ಪಕ್ಕದಲ್ಲಿ ನೂರ ಇಪ್ಪತ್ತೊಂಬತ್ತು. ಏಳನೇ ಫಾರಂ ಆದ ಮೇಲೆ ಒಂಬತ್ತನೇ ಫಾರಂ, ಅದಾದ ಮೇಲೆ ಎಂಟು. ಯಾವ ಪುಸ್ತಕ ಇದು ಎಂದು ಆಗ ನೆನಪಾಯಿತು.

ಈಗ ಬುಗುರಕ್ಕನ ವಿಷಯ ಹೇಳಬೇಕು. ನಮ್ಮ ಅಂಗಡಿಯಲ್ಲಿ ಫಾರಂ ಜೋಡಿಸುವ ಕೆಲಸ ಅವಳದು. ನನಗಿಂತ ನಾಲ್ಕು ವರ್ಷ ದೊಡ್ಡವಳು. ಉದ್ದನೆಯ ಮೇಜಿನ ಸುತ್ತ ಫಾರಂಗಳ ರಾಶಿಗಳನ್ನು ಸಾಲಾಗಿ ಇಟ್ಟುಕೊಂಡು, ಒಂದೊಂದು ರಾಶಿಯಿಂದ ಒಂದೊಂದು ಎತ್ತಿಕೊಳ್ಳುತ್ತಾ ಮೇಜು ಸುತ್ತುವುದು. ಒಂದು ಸುತ್ತು ಬಂದರೆ ಒಂದು ಪುಸ್ತಕ. ಬೆಳಗಿನಿಂದ ಸಂಜೆಯವರೆಗೆ ಹಾಗೆ ಸುತ್ತುತ್ತಿದ್ದಳು, ಅದಕ್ಕೇ ಬುಗುರಿ. ಅವಳಿಗೆ ಅಕ್ಷರವೂ ಬರುತ್ತಿರಲಿಲ್ಲ, ಅಂಕಿಯೂ ಬರುತ್ತಿರಲಿಲ್ಲ. ಮಾದರಿಯನ್ನು ತೆರೆದು, ಪ್ರತಿ ಫಾರಮ್ಮಿನ ಮೊದಲ ಪುಟದ ಮುಖ ನೋಡಿ, ಅದೇ ಮುಖದ ರಾಶಿ ಹುಡುಕಿ ಇಡುತ್ತಿದ್ದಳು. ಹದಿನಾಲ್ಕು ವರ್ಷದಲ್ಲಿ ಒಂದು ರಾಶಿ ಹಿಂದುಮುಂದಾಗಿರಲಿಲ್ಲ. "ಜನರ ಮುಖ ಮರೀತೀನಿ, ಪುಟದ ಮುಖ ಮರೆಯಲ್ಲ" ಅನ್ನುತ್ತಿದ್ದಳು. ಗಂಡ ಬಿಟ್ಟುಹೋಗಿದ್ದ. ಒಬ್ಬಳು ಮಗಳು. ಮಧ್ಯಾಹ್ನ ನಾವಿಬ್ಬರೂ ಹೊಲಿಗೆಯ ಮಣೆಯ ಮೇಲೆ ಬೆನ್ನಿಗೆ ಬೆನ್ನು ಆನಿಸಿ ಊಟ ಮಾಡುತ್ತಿದ್ದೆವು. ಅವಳ ಬೆನ್ನು ಯಾವಾಗಲೂ ಬಿಸಿ ಇರುತ್ತಿತ್ತು.

ಇಪ್ಪತ್ತನಾಲ್ಕು ವರ್ಷದ ಹಿಂದೆ ಆ ನರ್ಸಮ್ಮನ ಪುಸ್ತಕ ಬಂತು. ಹತ್ತೊಂಬತ್ತು ಫಾರಂ, ಐನೂರು ಪ್ರತಿ. ಮಾದರಿ ಹೊಲಿಯಲು ನಾನು ಕೂತಾಗ ಎಂಟನೇ ಫಾರಂ ಇನ್ನೂ ಅಚ್ಚಿನಿಂದ ಬಂದಿರಲಿಲ್ಲ. ಪುಸ್ತಕದ ದಪ್ಪ ಎಷ್ಟು ಎಂದು ಸಂಜೆ ಐದರೊಳಗೆ ರಟ್ಟಿನವನಿಗೆ ತಿಳಿಸಬೇಕಿತ್ತು. ಏಳರ ಮೇಲೆ ಒಂಬತ್ತನ್ನು ಹೊಲಿದೆ. ಅದು ಮುಗಿಯುವಾಗ ಎಂಟು ಬಂತು. ಒಂಬತ್ತನ್ನು ಬಿಚ್ಚಿ ಎಂಟನ್ನು ಕೆಳಗೆ ಹಾಕಬೇಕಿತ್ತು. ನಾಲ್ಕು ನಿಮಿಷದ ಕೆಲಸ. ದಪ್ಪ ಅಳೆಯುವುದಕ್ಕೆ ಹಿಂದೇನು ಮುಂದೇನು, ನಾಳೆ ಬಿಚ್ಚಿ ಸರಿಮಾಡೋಣ ಎಂದು ಎಂಟನ್ನು ಒಂಬತ್ತರ ಮೇಲೇ ಹೊಲಿದೆ. ಮರುದಿನ ನನಗೆ ಜ್ವರ. ನಾಲ್ಕು ದಿನ ಏಳಲಿಲ್ಲ. ಅಷ್ಟರಲ್ಲಿ ಮಾದರಿ ಮೇಜಿನ ಮೇಲೆ ಹೋಗಿತ್ತು, ಬುಗುರಕ್ಕ ಐನೂರು ಸುತ್ತು ಬಂದಿದ್ದಳು. ಎದ್ದು ಬಂದು ಐನೂರನ್ನೂ ನಾನೇ ಹೊಲಿದೆ. ಹೊಲಿಯುವವಳು ಮಡಿಕೆಯ ನಡುವನ್ನು ನೋಡುತ್ತಾಳೆ, ಪುಟದ ಅಂಕಿಯನ್ನು ನೋಡುವುದಿಲ್ಲ.

ಬಿಡುಗಡೆಯ ಸಭೆಯಲ್ಲಿ ಒಬ್ಬರು ಪುಸ್ತಕ ತೆರೆದು ಗಟ್ಟಿಯಾಗಿ ಓದಿದರಂತೆ. ಮಣ್ಣು ಮಾಡಿದವನು ಎದ್ದು ನೀರು ಕೇಳಿದಾಗ ಸಭೆ ಗೊಳ್ಳೆಂದು ನಕ್ಕಿತಂತೆ. ನರ್ಸಮ್ಮ ವೇದಿಕೆಯ ಮೇಲೇ ಅತ್ತರಂತೆ. ಮರುದಿನ ಅವರೂ ಅಚ್ಚುಮನೆಯ ಸಾಹುಕಾರರೂ ನಮ್ಮ ಅಂಗಡಿಗೆ ಬಂದರು. ಬೀದಿಯ ಅರ್ಧ ಜನ ಬಾಗಿಲಲ್ಲಿ ನಿಂತಿದ್ದರು.

"ಜೋಡಿಸಿದ್ದು ಯಾರು?" ಅಂದರು ಸಾಹುಕಾರರು.

"ನಾನು. ಮಾದರಿ ನೋಡೇ ಇಟ್ಟೆ" ಅಂದಳು ಬುಗುರಕ್ಕ. ಹೆದರಿರಲಿಲ್ಲ. "ಮಾದರಿ ತೆಗೆದು ನೋಡಿ ಬೇಕಾದ್ರೆ."

ನಮ್ಮವರು ಬೀರುವಿನ ಹತ್ತಿರ ಹೋದರು. ಬೆನ್ನು ನಮ್ಮ ಕಡೆಗಿತ್ತು. ಪುಸ್ತಕ ತೆರೆದ ಸದ್ದು, ಮುಚ್ಚಿದ ಸದ್ದು, ಬೀಗದ ಸದ್ದು. ತಿರುಗಿ, "ಮಾದರಿ ಸರಿಯಾಗಿದೆ" ಅಂದರು.

"ಹಂಗಾದ್ರೆ ನನ್ನ ಕಣ್ಣು?" ಅಂದಳು ಅವಳು. ನಾನು ಹೊಲಿಯುತ್ತಾ ಇದ್ದೆ.

ಅವಳನ್ನು ಅದೇ ದಿನ ಕೆಲಸದಿಂದ ಬಿಡಿಸಿದರು. ಐನೂರನ್ನೂ ಬಿಚ್ಚಿ ಹೊಲಿಯಲು ನನಗೆ ಹನ್ನೆರಡು ದಿನ ಹಿಡಿಯಿತು. ಬೀದಿಯಲ್ಲಿ ಒಂಬತ್ತು ಬೈಂಡಿಂಗ್ ಅಂಗಡಿಗಳಿದ್ದವು, ಒಂದರಲ್ಲೂ ಅವಳಿಗೆ ಕೆಲಸ ಸಿಗಲಿಲ್ಲ. ಹೆಣ ಎಬ್ಬಿಸಿದವಳು ಎಂದು ಹೆಸರಾಯಿತು. ಆಮೇಲೆ ಬಸ್ ಡಿಪೋದಲ್ಲಿ ಬಸ್ಸು ತೊಳೆಯುತ್ತಿದ್ದಾಳೆ ಎಂದು ಕೇಳಿದೆ. ಒಂದು ಸಲ ಮಾರುಕಟ್ಟೆಯಲ್ಲಿ ದೂರದಿಂದ ಕಂಡಳು. ನಾನು ತರಕಾರಿ ಆರಿಸುವವಳಂತೆ ತಲೆ ತಗ್ಗಿಸಿದೆ.

ಚೀಟಿ ಸಿಕ್ಕ ಸಂಜೆ ಮಗನಿಗೂ ಸೊಸೆಗೂ ತೋರಿಸಿದೆ. ಮಗ ಎರಡು ಸಲ ಓದಿದ.

"ಸತ್ತವರನ್ನ ಯಾಕೆ ಕಟಕಟೆಗೆ ಹತ್ತಿಸ್ತೀಯಮ್ಮ? ಅಪ್ಪ ನಿನ್ನ ಮಾನ ಉಳಿಸೋಕೆ ಮಾಡಿದಾರೆ."

"ನನ್ನ ಮಾನ ಉಳೀತು, ಅವಳ ಮಾನ?"

"ಇಪ್ಪತ್ನಾಲ್ಕು ವರ್ಷ ಆಯ್ತು. ಆ ಯಮ್ಮ ಮರೆತಿರ್ತಾಳೆ. ಓದಿದ್ದು ರದ್ದಿಗೆ ಅಂತ ತಾನೆ ಮಾತು? ಇದನ್ನ ಮೊದ್ಲು ಹಾಕ್ಬಿಡು."

"ಇನ್ನೂ ಓದಿ ಮುಗಿದಿಲ್ಲ" ಅಂದೆ.

ಸೊಸೆ ಮಾರನೆಯ ದಿನದಿಂದ ನಾನು ಓದುವ ಮಣೆಯ ಹತ್ತಿರ ಚೀಟಿ ಕಸಕ್ಕೆ ಹೋದೀತೆಂದು ಯಾರೂ ಗುಡಿಸದಂತೆ ನೋಡಿಕೊಂಡಳು.

ನಿಜ ಹೇಳುತ್ತೇನೆ, ತಕ್ಷಣ ನಾನು ಹೋಗಲಿಲ್ಲ. ಎಂಟನ್ನು ಮೊದಲು, ಒಂಬತ್ತನ್ನು ಆಮೇಲೆ ಇನ್ನೊಂದು ಸಲ ಓದಿದೆ. ಸರಿಯಾದ ಸಾಲಿನಲ್ಲಿ ಓದಿದರೆ ಆ ಮರಗೆಲಸದವನು ಸತ್ತ ಮೇಲೆ ಎದ್ದು ಕೂರುವುದಿಲ್ಲ. ಜ್ವರದಲ್ಲಿ ಎದ್ದು ನೀರು ಕೇಳುತ್ತಾನೆ, ಹದಿನಾರು ಪುಟ ನರಳಿ ಸಾಯುತ್ತಾನೆ, ಅಷ್ಟೇ. ಆಮೇಲೆ ಮುಂದಕ್ಕೆ ಓದಿದೆ. ಅದು ಕಥೆಗಾಗಿ ಅಲ್ಲ. ಓದುತ್ತಿದ್ದರೆ ಹೋಗುವುದನ್ನು ಮುಂದೂಡಬಹುದಿತ್ತು. ಆದರೆ ಓದಿದಷ್ಟೂ ಪುಸ್ತಕ ಮುಗಿಯುವುದು ಹತ್ತಿರವಾಗುತ್ತದೆ, ಮುಗಿದರೆ ಮಗ ರದ್ದಿಗೆ ಹಾಕುತ್ತಾನೆ. ದಿನಕ್ಕೆ ಹತ್ತು ಪುಟ ಓದುತ್ತಿದ್ದವಳು ಐದಕ್ಕೆ ಇಳಿದೆ, ಎರಡಕ್ಕೆ ಇಳಿದೆ. ನಮ್ಮವರ ಮೇಲೆ ಕೋಪ ಬರುತ್ತಿತ್ತು. ಆ ಚೀಟಿಯನ್ನು ಅವರು ಸುಟ್ಟುಬಿಡಬಹುದಿತ್ತು. ಮಾದರಿಯನ್ನು ಬಿಚ್ಚಿ ಸರಿಮಾಡಬಹುದಿತ್ತು. ಎರಡನ್ನೂ ಮಾಡದೆ, ಇದ್ದದ್ದನ್ನು ಇದ್ದಂತೆ ಬರೆದು ಬೀಗ ಹಾಕಿಟ್ಟರು. ನಾನು ಓದುವುದಿಲ್ಲ ಎಂಬ ಧೈರ್ಯವೋ, ಯಾರಾದರೂ ಓದಲಿ ಎಂಬ ಆಸೆಯೋ? ಕೇಳಲು ಅವರಿಲ್ಲ. ಹದಿನಾರನೇ ಫಾರಂ ಮುಗಿದು ಇನ್ನೂರ ಐವತ್ತಾರನೇ ಪುಟ ಬಂತು. ಅಲ್ಲಿಗೆ ಪುಸ್ತಕ ಮುಚ್ಚಿ, ಚೀಲಕ್ಕೆ ಹಾಕಿಕೊಂಡು ಹೊರಟೆ.

ಡಿಪೋದಲ್ಲಿ ವಿಚಾರಿಸಿದರೆ, ಬುಗುರಕ್ಕನ ಮನೆ ಹಿಂದಿನ ಕಟ್ಟಡದ ಎರಡನೇ ಮಹಡಿ ಅಂದರು. ಮೆಟ್ಟಿಲು ಇಕ್ಕಟ್ಟು. ಮೂರು ಕಡೆ ನಿಂತು ಉಸಿರು ಎಳೆದುಕೊಂಡೆ. ಬಾಗಿಲು ತೆಗೆದದ್ದು ಮಗಳು. ಬಸ್ ನಿಲ್ದಾಣದಲ್ಲಿ ಟಿಕೆಟ್ ಕೊಡುವ ಕೆಲಸ ಅವಳದು. ಅಂದು ರಜೆಯಂತೆ.

"ಯಾರು ಬೇಕಿತ್ತು?"

"ನಾನು ಕಣಮ್ಮ, ಬೈಂಡಿಂಗ್ ಅಂಗಡಿಯವರು..."

ಮುಖ ನೋಡಿದಳು. ಒಳಗಿಂದ, "ಯಾರೇ ಅದು?" ಎಂದು ಕೇಳಿಸಿತು.

"ದಬ್ಬಳ ಬಂದಿದೆ ಅಮ್ಮ. ಚುಚ್ಚೋಕೋ ಹೊಲಿಯೋಕೋ ಗೊತ್ತಿಲ್ಲ."

ಬುಗುರಕ್ಕ ಕಿಟಕಿಯ ಹತ್ತಿರ ಕುರ್ಚಿಯಲ್ಲಿ ಕೂತು ಹಸಿ ಬಟಾಣಿ ಸುಲಿಯುತ್ತಿದ್ದಳು. ಮಂಡಿಗೆ ಉಣ್ಣೆಯ ಬಟ್ಟೆ ಸುತ್ತಿತ್ತು. ಸುತ್ತಿ ಸುತ್ತಿ ಆ ಮಂಡಿಗಳು ಹೋಗಿದ್ದವು.

"ಬಾ, ಕೂತ್ಕೋ. ಎಷ್ಟು ಮುದುಕಿ ಆಗೋದ್ಯಲ್ಲೇ."

"ನೀನೇನು ಹೊಸ ಮದುಮಗಳಾ ಅಕ್ಕ?"

ಅರ್ಧ ನಕ್ಕಳು. ಆಮೇಲೆ ನಕ್ಕದ್ದು ತಪ್ಪಾಯಿತೇನೋ ಎಂಬಂತೆ ಬಟಾಣಿಯ ಕಡೆ ನೋಡಿದಳು. ನಾನು ಚೀಲದಿಂದ ಪುಸ್ತಕ ತೆಗೆದು ಅವಳ ಮಡಿಲಲ್ಲಿಟ್ಟೆ.

ಅವಳು ಸೆರಗಿಗೆ ಕೈ ಒರೆಸಿಕೊಂಡಳು. ಪುಸ್ತಕ ತೆರೆಯಲಿಲ್ಲ. ಮೊದಲು ಬೆನ್ನಿನ ಮೇಲೆ ಹೆಬ್ಬೆರಳು ಆಡಿಸಿದಳು, ಆಮೇಲೆ ರಟ್ಟು ಸ್ವಲ್ಪ ಎತ್ತಿ ಇಣುಕಿದಳು. "ನಿನ್ನ ಹೊಲಿಗೆ. ಕೊನೆ ಗಂಟು ಒಳಗಡೆ ತಿರುಗಿಸಿದೀಯ." ಬಳಿಕ ಫಾರಂ ಫಾರಂ ಹಿಡಿದು ತಿರುಗಿಸಿದಳು. ಏಳು ಆಯಿತು. ಮುಂದಿನ ಪುಟದ ಮೇಲೆ ಅವಳ ಬೆರಳು ನಿಂತಿತು.

"ಇದು ಮೇಲೆ ಅರ್ಧ ಖಾಲಿ ಬಿಟ್ಟು ಶುರುವಾಗೋ ಪುಟ. ಕೆಳಗಡೆ ಮೂಲೆಯಲ್ಲಿ ಮಸಿ ಚುಕ್ಕೆ. ಏಳಾದ ಮೇಲೆ ಇದನ್ನೇ ಇಟ್ಟಿದ್ದೆ ನಾನು."

"ಹೌದಕ್ಕ. ಅದನ್ನೇ ಇಟ್ಟಿದ್ದೆ. ಇದೇ ಮಾದರಿ. ತಪ್ಪು ಮಾದರಿಯಲ್ಲೇ ಇತ್ತು. ಹೊಲಿದವಳು ನಾನು."

ಕೆಳಗೆ ಡಿಪೋದಲ್ಲಿ ಯಾವುದೋ ಬಸ್ಸು ಹಿಂದಕ್ಕೆ ಬರುತ್ತಿತ್ತು. ಯಾರೋ "ಬರ್ಲಿ, ಬರ್ಲಿ" ಎಂದು ಕೂಗುತ್ತಿದ್ದರು.

"ನನ್ನ ಕಣ್ಣೇ ನಂಗೆ ಸುಳ್ಳು ಹೇಳ್ತು ಅಂದ್ಕೊಂಡಿದ್ದೆ ಕಣೇ" ಅಂದಳು. "ಆವತ್ತಿಂದ ಎಲ್ಲಾದನ್ನೂ ಎರಡೆರಡು ಸಲ ನೋಡ್ತೀನಿ. ಒಲೆ ಆರಿಸಿದೀನಾ ಅಂತ ಎದ್ದು ನೋಡ್ತೀನಿ, ಕೂತು ಮತ್ತೆ ಎದ್ದು ನೋಡ್ತೀನಿ. ತೊಳೆದ ಬಸ್ಸನ್ನೇ ಮತ್ತೆ ತೊಳೀತಿದ್ದೆ. ನಗೋರು ಎಲ್ರೂ. ಇವಳೂ ನಗ್ತಾಳೆ. ಸಾರಿಗೆ ಉಪ್ಪು ಜಾಸ್ತಿ ಆದ್ರೆ, ಮಾದರಿ ನೋಡೇ ಹಾಕಿದ್ಯಾ ಅಮ್ಮ, ಅಂತಾಳೆ."

ಬಾಗಿಲಲ್ಲಿ ನಿಂತಿದ್ದ ಮಗಳು ಒಳಗೆ ಹೋಗಿಬಿಟ್ಟಳು.

ಚೀಟಿ ತೆಗೆದು ಓದಿ ಹೇಳಿದೆ. "ಅವ್ರಿಗೆ ಗೊತ್ತಿತ್ತು" ಅಂದಳು.

"ಹೌದು."

"ನಿಂಗೆ?"

"ಮರೆತಿದ್ದೆ ಅಕ್ಕ. ಜ್ವರ ಬಂದು..."

"ಮರೆಯೋಕೆ ಮುಂಚೆ ಗೊತ್ತಿರ್ಬೇಕಲ್ಲ?"

ನಾನು ಅವಳ ಕೈ ಹಿಡಿದುಕೊಳ್ಳಲು ಹೋದೆ. ಅವಳು ಬಟಾಣಿಯ ಬುಟ್ಟಿಯನ್ನು ಎತ್ತಿ ನಡುವೆ ಇಟ್ಟಳು.

"ತಪ್ಪಾಯ್ತಕ್ಕ."

"ಅದು ಬೇಡ. ನನ್ನನ್ನ ಕಳಿಸಿದ್ದು ಬೀದಿ ಎದುರಿಗೆ. ಈಗ ಇಲ್ಲಿ ಬಂದು ಬಟಾಣಿ ಎದುರಿಗೆ ಹೇಳಿದ್ರೆ ಆಯ್ತಾ?" ದನಿ ಏರಲಿಲ್ಲ. "ಓದೋಕೆ ಕಲ್ತಿದೀಯ. ಬರೆಯೋಕೂ ಬರ್ಬೇಕಲ್ಲ. ಬರಿ. ಬೀದಿಯೋರು ಓದೋ ಹಾಗೆ ಬರಿ. ನಾನು ಕೇಳಿದ್ದಕ್ಕೆ ಉತ್ತರಾನೂ ಬರಿ. ಬರೆದು ಮೊದ್ಲು ನಂಗೆ ಓದಿ ಹೇಳು."

ಎದ್ದು ಹೊರಟಾಗ ಪುಸ್ತಕಕ್ಕೆ ಕೈ ಚಾಚಿದೆ. "ಇದು ಇಲ್ಲಿರ್ಲಿ" ಅಂದಳು. "ನಿಮ್ಮ ಬೀರು ಒಳಗೆ ಇದ್ದದ್ದು ಸಾಕು."

ವಾಚನಾಲಯದ ಸಂಚಿಕೆಯನ್ನು ನಮ್ಮ ಬೀದಿಯ ಎಲ್ಲ ಅಚ್ಚುಮನೆಯವರೂ ಅಂಗಡಿಯವರೂ ಓದುತ್ತಾರೆ. ಅದಕ್ಕೇ ಮೇಡಂ ಕೇಳಿದಾಗ ಒಪ್ಪಿಕೊಂಡೆ. ಸಂಚಿಕೆಯನ್ನು ಜೆರಾಕ್ಸ್ ಮಾಡುವುದು ನಮ್ಮ ಅಂಗಡಿಯಲ್ಲೇ. "ಆ ಪುಟ ನಾನು ಮಷಿನ್‌ಗೆ ಹಾಕಲ್ಲ" ಎಂದ ಮಗ. "ನಾನು ಹಾಕ್ತೀನಿ ಬಿಡಿ, ಬಟನ್ ಒತ್ತೋಕೆ ನಂಗೂ ಬರುತ್ತೆ" ಎಂದಳು ಸೊಸೆ. ಇದನ್ನು ಬರೆಯುವ ಹೊತ್ತಿಗೆ ಮಗ ನನ್ನೊಡನೆ ಮಾತು ಬಿಟ್ಟು ಎಂಟು ದಿನವಾಗಿದೆ. ಊಟಕ್ಕೆ ಮಾತ್ರ ಕರೆಯುತ್ತಾನೆ.

ಬುಗುರಕ್ಕನಿಗೆ ಕೊಡಬೇಕಾದ ಉತ್ತರಕ್ಕೆ ಹದಿನೇಳು ದಿನ ಹಿಡಿಯಿತು ಎಂದೆನಲ್ಲ. ಮರೆತಿದ್ದೆ ಎಂದು ಬರೆದೆ, ಹೊಡೆದುಹಾಕಿದೆ. ನೆನಪಿಲ್ಲ ಎಂದು ಬರೆದೆ, ಹೊಡೆದುಹಾಕಿದೆ. ಆ ದಿನವನ್ನು ಒಂದೊಂದು ಹೊಲಿಗೆಯಾಗಿ ಬಿಚ್ಚಿ ನೋಡಿದೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಅವಳು "ಮಾದರಿ ತೆಗೆದು ನೋಡಿ" ಅಂದಾಗ ನನ್ನ ಕೈ ನಿಂತಿತು. ತಪ್ಪು ಅವಳದಾಗಿದ್ದರೆ ನನ್ನ ಕೈ ಯಾಕೆ ನಿಲ್ಲಬೇಕು? "ಮಾದರಿ ಸರಿಯಾಗಿದೆ" ಎಂದು ಅವರು ಅಂದಾಗ ನನಗೆ ನೆಮ್ಮದಿಯಾಯಿತು. ಅವರು ನೋಡಿದ್ದಾರೆ, ಸರಿಯಾಗಿದೆ ಅಂದಿದ್ದಾರೆ, ಅಂದಮೇಲೆ ನಾನೇ ಯಾವಾಗಲೋ ಬಿಚ್ಚಿ ಸರಿಮಾಡಿರಬೇಕು ಎಂದು ಮನಸ್ಸಿಗೆ ಹೇಳಿಕೊಂಡೆ. ನಾಲ್ಕು ದಿನ ಜ್ವರದಲ್ಲಿ ಮಲಗಿದ್ದವಳು ಯಾವಾಗ ಬಿಚ್ಚಿದೆ ಎಂದು ಒಂದು ಸಲವೂ ಕೇಳಿ ನೋಡಿಕೊಳ್ಳಲಿಲ್ಲ. ಬೀರು ಆರು ಹೆಜ್ಜೆ ದೂರದಲ್ಲಿತ್ತು. ಬೀಗದ ಕೈ ಮೊಳೆಗೆ ನೇತುಹಾಕಿತ್ತು. ಅವರು ಬದುಕಿದ್ದ ಇಪ್ಪತ್ತೊಂದು ವರ್ಷದಲ್ಲಿ ಒಂದು ದಿನವೂ ತೆಗೆದು ನೋಡಲಿಲ್ಲ. ನೋಡದೆ ಇರಬೇಕಾದರೆ ಒಳಗೆ ಏನಿದೆ ಎಂದು ತಿಳಿದಿರಬೇಕು.

ನನಗೆ ಗೊತ್ತಿತ್ತು.

ಇಷ್ಟನ್ನು ಬರೆದು ನಿನ್ನೆ ಬೆಳಿಗ್ಗೆ ಅವಳ ಮನೆಗೆ ಒಯ್ದೆ. ರಟ್ಟಿನ ಪಟ್ಟಿ ಇಟ್ಟುಕೊಂಡು ಮೊದಲಿನಿಂದ ಓದಿದೆ. ನಡುವೆ ಒಂದು ಕಡೆ ತಡೆದು, "ಹದಿನಾಲ್ಕು ಅಲ್ಲ, ಹದಿನೈದು ವರ್ಷ ಕೆಲಸ ಮಾಡಿದೀನಿ" ಅಂದಳು. ಎಣಿಸಿ ನೋಡಿದರೆ ಅವಳದೇ ಸರಿ. ಮೇಲೆ ತಿದ್ದಿಲ್ಲ, ಇಲ್ಲಿ ಒಪ್ಪಿಕೊಳ್ಳುತ್ತೇನೆ. ಮಾರುಕಟ್ಟೆಯ ಮಾತು ಬಂದಾಗ, "ನಾನೂ ನೋಡಿದ್ದೆ ಆವತ್ತು" ಅಂದಳು. ಆಮೇಲೆ ಕೊನೆಯ ಮಾತು ಬಂತು. ಅದನ್ನೂ ಓದಿದೆ.

ಅವಳು ಕಿಟಕಿಯ ಆಚೆ ನೋಡುತ್ತಾ ಕೂತಿದ್ದಳು. ಪುಸ್ತಕ ಅವಳ ಪಕ್ಕದ ಕಿಟಕಿಯ ಅಂಚಿನ ಮೇಲಿತ್ತು. ಅಡುಗೆಮನೆಯಲ್ಲಿ ಪಾತ್ರೆಯ ಸದ್ದಾಗುತ್ತಿತ್ತು.

"ಕೊನೇದು ಇನ್ನೊಂದು ಸಲ ಓದು" ಅಂದಳು.

ಓದಲು ಬಾಯಿ ತೆರೆದೆ. ಅವಳು ಕೈ ಅಡ್ಡ ಮಾಡಿ ನಿಲ್ಲಿಸಿ, ಅಡುಗೆಮನೆಯ ಕಡೆ ತಿರುಗಿದಳು.

"ಏ, ಒಲೆ ಆರಿಸಿ ಬಾರೇ ಇಲ್ಲಿ."

ಮಗಳು ಬಂದು ಬಾಗಿಲಿಗೆ ಒರಗಿ ನಿಂತಳು.

"ಹೂಂ" ಅಂದಳು ಬುಗುರಕ್ಕ. "ಈಗ ಓದು."